ಕರಿಬೇವಿನ ಗಿಡದ ಮುಂದೆ ಮಂಡಿಯೂರಿ: ಮನೆಯಂಗಳದ ಹುಳುಗಳ ಫೋಟೊ ತೆಗೆಯೋದು ಹೇಗೆ

ಮ್ಯಾಕ್ರೊ ಫೋಟೊಗ್ರಫಿಗೆ, ಅಂದರೆ ಚಿಕ್ಕ ಜೀವಿಗಳನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವುದಕ್ಕೆ, ಯಾವ ಲೆನ್ಸ್ ತಗೊಳ್ಳಲಿ ಎಂದು ಕೇಳುವವರನ್ನು ನಾನು ಮೊದಲು ಕೇಳುವುದು, ಮನೆಯಲ್ಲಿ ಕರಿಬೇವಿನ ಗಿಡ ಇದೆಯಾ ಎಂದು. ಇದ್ದರೆ ಲೆನ್ಸಿನ ಮಾತು ಆಮೇಲೆ ಆಡೋಣ. ಇಲ್ಲದಿದ್ದರೆ ಕ್ಯಾಮೆರಾ ಅಂಗಡಿಗೆ ಹೋಗುವ ಮುಂಚೆ ಲಾಲ್‌ಬಾಗಿನ ನರ್ಸರಿ ಕಡೆ ಒಂದು ಸುತ್ತು ಹೋಗಿಬನ್ನಿ. ಹುಳ ಬರುವುದು ಗಿಡಕ್ಕೆ. ಲೆನ್ಸ್ ನೋಡಿ ಯಾವ ಹುಳವೂ ಬರುವುದಿಲ್ಲ.

ನಮ್ಮದು ಹನುಮಂತನಗರದಲ್ಲಿ ಮೂವತ್ತು-ನಲವತ್ತರ ಸೈಟು. ಮನೆ ಕಟ್ಟಿ ಉಳಿದ ಜಾಗ ಅಂದರೆ ಕಾಂಪೌಂಡಿಗೂ ಗೋಡೆಗೂ ನಡುವಿನ ಮೂರಡಿ ಓಣಿ, ಗೇಟಿನ ಪಕ್ಕ ಒಂದಿಷ್ಟು ಮಣ್ಣು. ಅಷ್ಟರಲ್ಲೇ ಕರಿಬೇವು, ನಂದಿಬಟ್ಟಲು, ದಾಸವಾಳ, ತುಳಸಿಕಟ್ಟೆ. ತಾರಸಿ ಮೇಲೆ ಕುಂಡಗಳಲ್ಲಿ ಬದನೆ, ಅವರೆ. ಪಕ್ಕದ ಮನೆಯ ಮಾವಿನ ಮರದ ಒಂದು ಕೊಂಬೆ ನಮ್ಮ ಕಡೆ ಬಗ್ಗಿದೆ, ಅದೂ ನಮ್ಮದೇ ಲೆಕ್ಕ. ನಾನು ಬ್ಯಾಂಕಿನ ಕೆಲಸದವಳು. ಬೆಳಗ್ಗೆ ಆರೂವರೆಯಿಂದ ಕುಕ್ಕರ್ ಕೂಗುವವರೆಗಿನ ಹೊತ್ತಷ್ಟೇ ನನ್ನ ಕೈಯಲ್ಲಿರುವುದು. ಈ ಬರಹವೂ ಅಷ್ಟೇ ಜಾಗ, ಅಷ್ಟೇ ಪುರುಸೊತ್ತು ಇರುವವರಿಗೆ.

ಯಾವ ಗಿಡದಲ್ಲಿ ಏನು

ಕರಿಬೇವಿನಿಂದಲೇ ಶುರು ಮಾಡಿ. ಒಂದೇ ಗಿಡದಲ್ಲಿ ಒಂದು ಜೀವದ ಪೂರ್ತಿ ಕತೆ ಸಿಗುತ್ತದೆ. ಲೈಮ್ ಬಟರ್‌ಫ್ಲೈ ಎನ್ನುವ ನಿಂಬೆ ಚಿಟ್ಟೆ, ಅದರ ನೆಂಟ ಕಾಮನ್ ಮಾರ್ಮನ್, ಎರಡೂ ಕರಿಬೇವು, ನಿಂಬೆ, ಬಿಲ್ವಪತ್ರೆಯ ಚಿಗುರಿನಲ್ಲಿ ಮೊಟ್ಟೆ ಇಡುತ್ತವೆ. ಹೆಣ್ಣು ಚಿಟ್ಟೆ ಗಿಡದ ಸುತ್ತ ರೆಕ್ಕೆ ಬಡಿಯುತ್ತಲೇ ಸುಳಿದಾಡಿ, ಹೊಟ್ಟೆಯ ತುದಿ ಬಗ್ಗಿಸಿ, ಒಂದೊಂದು ಕಡೆ ಒಂದೊಂದೇ ಮೊಟ್ಟೆ ಅಂಟಿಸಿ ಹೋಗುತ್ತದೆ. ಮೊಟ್ಟೆ ತಿಳಿಹಳದಿ ಬಣ್ಣದ ಗುಂಡು, ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಚಿಟ್ಟೆ ಕೂತೆದ್ದ ಚಿಗುರನ್ನು ನೆನಪಿಟ್ಟುಕೊಳ್ಳಿ, ಅದು ಹೋದ ಮೇಲೆ ನಿಧಾನವಾಗಿ ಹುಡುಕಿ.

ಮೂರ್ನಾಲ್ಕು ದಿನಕ್ಕೆ ಹುಳ ಆಚೆ ಬರುತ್ತದೆ. ಎಳೆಯ ಹುಳ ಕಂದು ಕಪ್ಪಿನ ಮೇಲೆ ಬಿಳಿ ಮಚ್ಚೆ ಹೊತ್ತು ಎಲೆಯ ಮೇಲೆ ಬಹಿರಂಗವಾಗಿ ಬಿದ್ದುಕೊಂಡಿರುತ್ತದೆ. ಯಾರು ನೋಡಿದರೂ ಹಕ್ಕಿ ಪಿಕ್ಕೆ ಅನ್ನಬೇಕು, ಹಕ್ಕಿಗಳೂ ಹಾಗೇ ಅಂದುಕೊಳ್ಳುತ್ತವೆ. ಪೊರೆ ಬಿಡುತ್ತಾ ಬೆಳೆದು ಕೊನೆಯ ಹಂತಕ್ಕೆ ಬಂದಾಗ ಹಸಿರಾಗಿ, ಎದೆಯ ಭಾಗದಲ್ಲಿ ಸುಳ್ಳು ಕಣ್ಣುಗಳನ್ನು ಬರೆದುಕೊಂಡಿರುತ್ತದೆ. ನಿಜವಾದ ತಲೆ ಅದಕ್ಕೂ ಮುಂದೆ, ಕೆಳಗೆ, ಚಿಕ್ಕದಾಗಿ ಇರುತ್ತದೆ. ಫೋಕಸ್ ಮಾಡುವಾಗ ಇದು ಗೊತ್ತಿರಬೇಕು. ಇರುವೆಯೋ ಕಣಜವೋ ಹತ್ತಿರ ಬಂದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದು ಫಟ್ಟನೆ ಹೊರಗೆ ಬಂದು ಘಾಟು ಹೊಡೆಯುತ್ತದೆ. ಅದರ ಫೋಟೊಗಾಗಿ ಕಡ್ಡಿಯಲ್ಲಿ ತಿವಿಯುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಗಿಡದಲ್ಲಿ ಇರುವೆ ಓಡಾಡುತ್ತಿದ್ದರೆ ಕಾದು ಕೂತವರಿಗೆ ತಾನಾಗೇ ಸಿಗುತ್ತದೆ.

ಆಮೇಲೆ ಪೊರೆಹುಳು, ಅಂದರೆ ಕೋಶ. ಸೊಂಟಕ್ಕೆ ಒಂದು ನೂಲು ಬಿಗಿದುಕೊಂಡು ಕೊಂಬೆಗೋ ಗೋಡೆಗೋ ಒರಗಿ ನಿಂತಿರುತ್ತದೆ. ಸುತ್ತಲಿನ ಬಣ್ಣಕ್ಕೆ ತಕ್ಕಂತೆ ಹಸಿರೂ ಇರಬಹುದು, ಕಂದೂ ಇರಬಹುದು. ಎಂಟು ಹತ್ತು ದಿನ ಏನೂ ಆಗುವುದಿಲ್ಲ. ಒಂದು ಸಂಜೆ ಅದು ಕಪ್ಪಾಗಿ, ಒಳಗಿನ ರೆಕ್ಕೆಯ ಚಿತ್ತಾರ ಚಿಪ್ಪಿನ ಮೂಲಕವೇ ಕಾಣತೊಡಗುತ್ತದೆ. ಆ ರಾತ್ರಿಯೇ ಫ್ಲ್ಯಾಶಿನ ಬ್ಯಾಟರಿ ಚಾರ್ಜಿಗೆ ಹಾಕಿ, ಅಲಾರಂ ಇಟ್ಟು ಮಲಗಿ. ಮರುದಿನ ಬೆಳಗ್ಗೆ ಚಿಪ್ಪು ಬಿರಿದು ಚಿಟ್ಟೆ ಹೊರಗೆ ಬಂದು, ಮುದುಡಿದ ಒದ್ದೆ ರೆಕ್ಕೆ ಜೋತುಬಿಟ್ಟುಕೊಂಡು ಒಣಗಲು ಕಾಯುತ್ತದೆ. ಹಾರಲಾರದ, ಅಲುಗಾಡದ, ಒಂದು ಗೀರೂ ಬೀಳದ ಹೊಸ ಚಿಟ್ಟೆ. ಗಿಡ ಗೊತ್ತಿದ್ದವರಿಗೆ ಇದು ದಿನ ಹೇಳಿಟ್ಟು ಸಿಗುವ ಫೋಟೊ. ಸಾವಿರಾರು ರೂಪಾಯಿ ಕೊಟ್ಟು ಕಾಡಿಗೆ ಟ್ರಿಪ್ ಹೋದವರಿಗೂ ಇದರ ಖಾತರಿ ಇಲ್ಲ.

ಈ ಹುಳುಗಳು ಎಳೆ ಎಲೆಯನ್ನೆಲ್ಲ ತಿಂದು ಕಡ್ಡಿ ಉಳಿಸುತ್ತವೆ ಎನ್ನುವುದು ನಮ್ಮ ಅತ್ತೆಯವರ ತಕರಾರು. ನ್ಯಾಯವಾದದ್ದೇ. ಅದಕ್ಕೇ ನಮ್ಮಲ್ಲಿ ಈಗ ಎರಡು ಕರಿಬೇವು: ಗೇಟಿನ ಹತ್ತಿರದ್ದು ಸಾರಿಗೆ, ಓಣಿಯಲ್ಲಿರುವುದು ಹುಳಕ್ಕೆ. ಸಾರಿನ ಗಿಡದಲ್ಲಿ ಸಿಕ್ಕಿದ ಹುಳವನ್ನು ಎಲೆ ಸಮೇತ ಕಿತ್ತು ಆ ಗಿಡಕ್ಕೆ ದಾಟಿಸುತ್ತೇವೆ. ಬೇವಿನೆಣ್ಣೆ ಸಿಂಪಡಿಸುವುದಿದ್ದರೂ ಒಂದು ಗಿಡವನ್ನಾದರೂ ಬಿಟ್ಟುಬಿಡಿ. ಬೀದಿಯಲ್ಲಿ ಫಾಗಿಂಗ್ ಗಾಡಿ ಹೊಗೆ ಬಿಟ್ಟುಹೋದ ಮರುದಿನ ಹೆಚ್ಚೇನೂ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ನಂದಿಬಟ್ಟಲಿನ ಗಿಡ ಇದ್ದರೆ ಮೊದಲು ಗಿಡ ನೋಡಬೇಡಿ, ನೆಲ ನೋಡಿ. ಕಪ್ಪು ಉರುಟು ಹಿಕ್ಕೆ ಬಿದ್ದಿದ್ದರೆ ಸರಿಯಾಗಿ ಅದರ ನೆತ್ತಿಯ ಮೇಲಿನ ಕೊಂಬೆಯಲ್ಲಿ ಓಲಿಯಾಂಡರ್ ಹಾಕ್‌ಮಾತ್ ಪತಂಗದ ಹುಳ ಇರುತ್ತದೆ. ಬೆರಳುದ್ದ ಇದ್ದರೂ ಎಲೆಯ ಹಸಿರಿನಲ್ಲಿ ಕಣ್ಣೆದುರೇ ಮಾಯ. ತಲೆಯ ಹಿಂದೆ ನೀಲಿ-ಬಿಳಿಯ ಎರಡು ಕಣ್ಣಿನ ಗುರುತು. ಬೆದರಿದರೆ ತಲೆಯನ್ನು ಒಳಗೆಳೆದುಕೊಂಡು ಆ ಗುರುತನ್ನು ಉಬ್ಬಿಸಿ ತೋರಿಸುತ್ತದೆ. ಕೋಶವಾಗುವ ಕಾಲ ಬಂದಾಗ ಹಸಿರು ಬಿಟ್ಟು ಕಂದಾಗಿ ಗಿಡದಿಂದ ಇಳಿದು ತರಗೆಲೆಯ ಕೆಳಗೆ ಸೇರಿಕೊಳ್ಳುತ್ತದೆ. ಆ ಒಂದು ವಾರ ಕಸ ಗುಡಿಸುವವರಿಗೆ ಹೇಳಿಡಿ.

ಉಳಿದವನ್ನು ಬೇಗ ಹೇಳುತ್ತೇನೆ. ದಾಸವಾಳದಲ್ಲಿ ಹಿಟ್ಟುತಿಗಣೆ, ಅದರ ಸಿಹಿ ಹೀರಲು ಬರುವ ಇರುವೆ, ಹಿಂಭಾಗಕ್ಕೆ ಹಿಂಭಾಗ ಅಂಟಿಸಿಕೊಂಡು ಜೋಡಿಯಾಗಿ ಓಡಾಡುವ ಕೆಂಪು ಹತ್ತಿ ತಿಗಣೆ. ಬದನೆ ಎಲೆಯನ್ನು ಜಾಲರಿ ಮಾಡುವ ಇಪ್ಪತ್ತೆಂಟು ಚುಕ್ಕಿಯ ಗುಲಗಂಜಿ ಹುಳ. ಗುಲಗಂಜಿ ಹುಳಗಳೆಲ್ಲ ಸಸ್ಯಹೇನು ತಿನ್ನುವ ಉಪಕಾರಿಗಳು ಎಂದುಕೊಂಡವರು ಇದನ್ನೊಮ್ಮೆ ಹತ್ತಿರದಿಂದ ನೋಡಬೇಕು, ಇದು ಸೊಪ್ಪು ತಿನ್ನುವ ಜಾತಿ. ಅವರೆಕಾಯಿ ಕಾಲದಲ್ಲಿ ಅವರೆ ಬಳ್ಳಿಯ ತುದಿಗೆ ಕಪ್ಪು ಸಸ್ಯಹೇನು ಮೆತ್ತಿಕೊಳ್ಳುತ್ತದೆ, ಬೆನ್ನಿಗೇ ಅದನ್ನು ತಿನ್ನುವ ಗುಲಗಂಜಿ ಹುಳಗಳೂ ಅವುಗಳ ಮರಿಗಳೂ ಹಾಜರ್. ಮಾವಿನ ಕೊಂಬೆಯಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆಗಳಿದ್ದರೆ ಪ್ರತಿ ಇರುವೆಯ ಕಾಲನ್ನೂ ಎಣಿಸಿ. ಎಂಟು ಕಾಲಿನದು ಸಿಕ್ಕರೆ ಅದು ಇರುವೆಯ ವೇಷ ಹಾಕಿದ ಜೇಡ. ಮುಂದಿನ ಎರಡು ಕಾಲನ್ನು ಮೇಲೆತ್ತಿ ಮೀಸೆಯಂತೆ ಆಡಿಸುತ್ತಾ ಓಡಾಡುತ್ತಿರುತ್ತದೆ. ಜೇಡ ಕೀಟವಲ್ಲ ಎಂದು ನಮಗೂ ಗೊತ್ತು, ಆದರೆ ಅಂಗಳದ ಮ್ಯಾಕ್ರೊದಲ್ಲಿ ಅರ್ಧ ಆಲ್ಬಮ್ಮು ಜೇಡಗಳದ್ದೇ.

ಹೊತ್ತು, ಕಾಲ

ಕೀಟಗಳದ್ದು ತಣ್ಣಗಿನ ಮೈ. ಹೊರಗೆ ಚಳಿ ಇದ್ದರೆ ಅವೂ ಜಡ, ಬಿಸಿಲೇರಿದರೆ ಚುರುಕು. ಒಂಬೈನೂರು ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಈ ವಿಷಯದಲ್ಲಿ ಒಂದು ಅದೃಷ್ಟವಿದೆ: ಡಿಸೆಂಬರ್, ಜನವರಿಯ ಬೆಳಗು ಹದಿನೈದು ಹದಿನಾರು ಡಿಗ್ರಿಗೆ ಇಳಿಯುತ್ತದೆ. ಇಬ್ಬನಿ ಹೊತ್ತ ಹುಳ ಜಾಗ ಬಿಟ್ಟು ಕದಲುವುದಿಲ್ಲ. ಹುಳುಗಳ ಸಂಖ್ಯೆ ಬೇಕೆನ್ನುವವರಿಗೆ ಮಳೆ ಬಿದ್ದು ಚಿಗುರು ಬಂದ ಜೂನಿನಿಂದ ಅಕ್ಟೋಬರ್ ಒಳ್ಳೆಯ ಕಾಲ. ಸಮಾಧಾನದ ಫೋಟೊ ಬೇಕೆನ್ನುವವರಿಗೆ ಅಕ್ಟೋಬರಿನಿಂದ ಜನವರಿ. ನಡುವೆ ಆಷಾಢದ ಗಾಳಿ ಎಂಬ ಶತ್ರು ಇದೆ. ಅದಕ್ಕೊಂದು ಉಪಾಯ: ಬಿದಿರು ಕಡ್ಡಿಯ ತುದಿಗೆ ಬಟ್ಟೆ ಕ್ಲಿಪ್ ಕಟ್ಟಿ ಕುಂಡದಲ್ಲಿ ನೆಟ್ಟು, ಹುಳ ಕೂತ ಎಲೆಯ ತೊಟ್ಟಿನ ಕೆಳಗೆ ಕೊಂಬೆಯನ್ನು ಮೆತ್ತಗೆ ಕಚ್ಚಿಸಿಬಿಡಿ. ಅರ್ಧ ಓಲಾಟ ನಿಂತುಹೋಗುತ್ತದೆ.

ಸಂಜೆಯದೂ ಒಂದು ಗುಟ್ಟಿದೆ. ತುಳಸಿಯ ಕದಿರಿನ ಮೇಲೆ ಗುಂಯ್ ಎಂದು ಒಂದು ಕ್ಷಣವೂ ನಿಲ್ಲದೆ ಸುತ್ತುವ ನೀಲಿ ಪಟ್ಟೆಯ ಜೇನನ್ನು ಹಗಲಲ್ಲಿ ಹಿಡಿಯಲು ಹೋದರೆ ತಾಳ್ಮೆಯೂ ಹೋಗುತ್ತದೆ, ಮೆಮೊರಿ ಕಾರ್ಡೂ ತುಂಬುತ್ತದೆ. ಅದೇ ಜೇನಿನ ಗಂಡುಗಳು ಸೂರ್ಯ ಮುಳುಗುವ ಹೊತ್ತಿಗೆ ಒಂದು ಒಣಕಡ್ಡಿಗೋ ಬಳ್ಳಿಗೋ ಬಂದು, ದವಡೆಯಿಂದ ಕಡ್ಡಿ ಕಚ್ಚಿಕೊಂಡು, ಕಾಲುಗಳನ್ನು ಮಡಚಿ, ಸಾಲಾಗಿ ನಿದ್ದೆ ಹೋಗುತ್ತವೆ. ಮಾರನೆಯ ಸಂಜೆ ಸಾಮಾನ್ಯವಾಗಿ ಅದೇ ಕಡ್ಡಿಗೇ ಬರುತ್ತವೆ. ನಮ್ಮಲ್ಲಿ ಅವು ಆರಿಸಿಕೊಂಡದ್ದು ಒಣಗಿ ಹೋದ ಒಂದು ತುಳಸಿ ಕಡ್ಡಿ. ಹಾಗಾಗಿ ಆ ಸತ್ತ ಗಿಡವನ್ನು ಯಾರೂ ಕೀಳುವಂತಿಲ್ಲ. ಬೆಳಗ್ಗೆ ಬಿಸಿಲು ಕಟ್ಟೆಯನ್ನು ಮುಟ್ಟುವ ಮೊದಲು ಹೋದರೆ, ಪಟ್ಟೆಯ ನೀಲಿ ಹಸಿರಿಗೆ ತಿರುಗುವ ಹೊಳಪು, ಎದೆಯ ಮೇಲಿನ ಕಂದು ರೋಮ, ದೊಡ್ಡ ಹಸಿರುಗಣ್ಣು, ಎಲ್ಲವೂ ನಿಂತಲ್ಲೇ ನಿಂತಿರುತ್ತವೆ. ಆ ಕಡ್ಡಿಯನ್ನು ಮಾತ್ರ ಮುಟ್ಟಬೇಡಿ, ಕ್ಲಿಪ್ಪೂ ಹಾಕಬೇಡಿ. ಬಿಸಿಲು ಬಿದ್ದೊಡನೆ ಮೈ ನಡುಗಿಸಿ ಬಿಸಿ ಮಾಡಿಕೊಂಡು ಒಂದೊಂದೇ ಎದ್ದುಹೋಗುತ್ತವೆ.

ಬೆಳಕು

ದುಡ್ಡು ಖರ್ಚು ಮಾಡಲೇಬೇಕು ಎಂದಿದ್ದರೆ ಮೊದಲ ದುಡ್ಡು ಒಂದು ಫ್ಲ್ಯಾಶಿಗೆ ಹೋಗಲಿ. ಲೆನ್ಸಿಗಿಂತ ಮುಂಚೆ. ಇದು ನನ್ನ ಹಟ, ಇದಕ್ಕೆ ಕಾರಣವನ್ನೂ ಹೇಳುತ್ತೇನೆ.

ಹುಳದ ಫೋಟೊದಲ್ಲಿ ಸ್ಪಷ್ಟವಾಗಿ ಕಾಣುವ ಭಾಗ ಅತಿ ತೆಳು. ಅದನ್ನು ದಪ್ಪ ಮಾಡಲು ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಎಫ್ 8, ಎಫ್ 11ಕ್ಕೆ ಇಳಿಸಬೇಕು (ಎಫ್ ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು). ಇಳಿಸಿದರೆ ಬೆಳಕು ಕಮ್ಮಿ. ಇಷ್ಟು ಸಾಲದೆಂಬಂತೆ, ಹುಳವನ್ನು ಅದರ ನಿಜ ಗಾತ್ರಕ್ಕೆ ಸೆನ್ಸರಿನ ಮೇಲೆ ಮೂಡಿಸುವ 1:1 ಹಿಗ್ಗುವಿಕೆಯಲ್ಲಿ ಲೆನ್ಸಿನ ಎಫ್ 11 ಎಂಬುದು ಲೆಕ್ಕಕ್ಕೆ ಎಫ್ 22ರಷ್ಟು ಕತ್ತಲು. ಲೆನ್ಸಿನಲ್ಲಿ ಎಫ್ 16 ದಾಟಿ ಹೋದರೆ ಬೆಳಕು ಚದುರಿ ಫೋಟೊ ಪೂರ್ತಿ ಮಂಕಾಗುತ್ತದೆ. ಮೂರಡಿ ಓಣಿಯಲ್ಲಿ ಬೆಳಗ್ಗೆ ಏಳು ಗಂಟೆಗೆ ಇರುವ ಬೆಳಕು ಇದಕ್ಕೆಲ್ಲ ಎಲ್ಲಿ ಸಾಕಾದೀತು? ಫ್ಲ್ಯಾಶ್ ಇದ್ದರೆ ಇನ್ನೊಂದು ಲಾಭ: ಪವರನ್ನು 1/16, 1/32ಕ್ಕೆ ಇಳಿಸಿದಾಗ ಅದು ಮಿನುಗುವುದು ಸೆಕೆಂಡಿನ ಹಲವು ಸಾವಿರದಲ್ಲೊಂದು ಭಾಗ ಮಾತ್ರ. ಕೈ ನಡುಕ, ಎಲೆಯ ಓಲಾಟ ಎರಡೂ ಅದರೊಳಗೆ ಹೆಪ್ಪುಗಟ್ಟುತ್ತವೆ.

ನಾನು ಶುರು ಮಾಡುವ ಸೆಟ್ಟಿಂಗ್ ಇದು: ಕ್ಯಾಮೆರಾ ಮ್ಯಾನ್ಯುಯಲ್, ಶಟರ್ 1/200 ಸೆಕೆಂಡ್, ಎಫ್ 11, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 200, ಫ್ಲ್ಯಾಶ್ ಮ್ಯಾನ್ಯುಯಲ್ 1/16. ಫೋಟೊ ಕಪ್ಪಾದರೆ ಫ್ಲ್ಯಾಶ್ 1/8ಕ್ಕೆ ಏರಿಸಿ, ಬೆಳ್ಳಗಾದರೆ 1/32ಕ್ಕೆ ಇಳಿಸಿ. ಉಳಿದ ಯಾವುದನ್ನೂ ಮುಟ್ಟಬೇಡಿ. ಫ್ಲ್ಯಾಶನ್ನು ಟಿಟಿಎಲ್ ಎಂಬ ಆಟೊ ಕ್ರಮದಲ್ಲಿ ಇಟ್ಟರೆ ಅಳತೆ ನೋಡಲು ಮುಂಚೆಯೇ ಒಂದು ಚಿಕ್ಕ ಮಿಂಚು ಬಿಡುತ್ತದೆ. ಉದ್ದ ಕಾಲಿನ ಹೊಳೆಯುವ ಹಸಿರು ನೊಣಗಳು ಅಷ್ಟಕ್ಕೇ ಎಗರಿ, ನಿಮಗೆ ಸಿಗುವುದು ಖಾಲಿ ಎಲೆಯ ಸುಂದರ ಚಿತ್ರ.

ಬರಿ ಫ್ಲ್ಯಾಶ್ ಹೊಡೆದರೆ ಹುಳದ ಬೆನ್ನ ಮೇಲೆ ಸುಟ್ಟ ಬಿಳಿ ಚುಕ್ಕೆ, ಕೆಳಗೆ ಕಡುಕತ್ತಲು. ಬೆಳಕನ್ನು ಹರಡಿ ಮೆತ್ತಗಾಗಿಸುವ ಡಿಫ್ಯೂಸರ್ ಬೇಕೇ ಬೇಕು. ಕೊಳ್ಳುವ ಅಗತ್ಯವಿಲ್ಲ. ಹೊಸ ಟಿವಿ, ಮಿಕ್ಸಿಯ ಡಬ್ಬದಲ್ಲಿ ಸುತ್ತಿಕೊಡುವ ತೆಳು ಬಿಳಿ ಫೋಮ್ ಹಾಳೆ ಇರುತ್ತದಲ್ಲ, ಅದು. ಎ4 ಕಾಗದದ ಅಳತೆಗೆ ಕತ್ತರಿಸಿ. ಒಂದು ಅಂಚನ್ನು ಫ್ಲ್ಯಾಶಿನ ತಲೆಗೆ ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಇನ್ನೊಂದು ಅಂಚು ಮುಂದಕ್ಕೆ ಬಾಗಿ ಲೆನ್ಸಿನ ಮೂತಿಯನ್ನು ದಾಟಿ ಒಂದೆರಡು ಇಂಚು ಚಾಚಿಕೊಂಡಿರಲಿ. ಜೋತುಬೀಳದಂತೆ ಎರಡು ಬದಿಗೂ ಹಳೆಯ ಫೈಲಿನ ಪ್ಲಾಸ್ಟಿಕ್ ಪಟ್ಟಿಯನ್ನು ಟೇಪಿನಿಂದ ಅಂಟಿಸಿ. ಫ್ಲ್ಯಾಶಿನ ಬಾಯಿಗೆ ಹತ್ತಿರ ಬೆಳಕು ಒಂದೇ ಕಡೆ ಉರಿಯುತ್ತದೆ, ಅಲ್ಲಿ ಒಂದು ಪದರ ಬಟರ್ ಪೇಪರ್ ಸೇರಿಸಿ. ಅವೆನ್ಯೂ ರೋಡಿನಲ್ಲಿ ಹಾಳೆ ಲೆಕ್ಕದಲ್ಲಿ ಸಿಗುತ್ತದೆ. ಸೂತ್ರ ಇಷ್ಟೇ: ಹುಳದ ಗಾತ್ರದ ಮುಂದೆ ಬೆಳಕಿನ ಹಾಳೆ ಎಷ್ಟು ದೊಡ್ಡದೋ, ಎಷ್ಟು ಹತ್ತಿರವೋ, ಬೆಳಕು ಅಷ್ಟು ಮೃದು.

ಹೊಳೆಯುವ ಜೀರುಂಡೆಯ ಬೆನ್ನು ಕನ್ನಡಿಯ ಕೆಲಸ ಮಾಡುತ್ತದೆ, ನಿಮ್ಮ ಡಿಫ್ಯೂಸರಿನ ಆಕಾರವೇ ಅದರಲ್ಲಿ ಕಾಣುತ್ತದೆ. ಹಾಗಾಗಿ ಡಿಫ್ಯೂಸರನ್ನು ಹುಳದ ಮೇಲೆ ಪರೀಕ್ಷೆ ಮಾಡುವ ಮೊದಲು ಹುಣಸೆ ಬೀಜದ ಮೇಲೆ ಮಾಡಿ. ಕಂದು, ನುಣುಪು, ಒಂದು ಸೆಂಟಿಮೀಟರ್ ಅಳತೆ, ಓಡಿಹೋಗುವುದಿಲ್ಲ. ಬೀಜದ ಮೇಲಿನ ಹೊಳಪು ಅಂಚು ಕರಗಿದ ಅಗಲ ಬೆಳಕಾಗಿ ಕಂಡರೆ ಸರಿ. ನಡುವೆ ಚೂಪಾದ ಬಿಳಿ ಬೊಟ್ಟು ಕಂಡರೆ ಇನ್ನೊಂದು ಪದರ. ಒಂದು ಸಂಜೆ ಬೀಜದ ಜೊತೆ ಕಳೆದರೆ ತಿಂಗಳುಗಟ್ಟಲೆ ಹುಳಗಳ ಮೇಲಿನ ಪ್ರಯೋಗ ಉಳಿಯುತ್ತದೆ. ಬೆಂಗಳೂರಿನಲ್ಲೇ ಇದ್ದು 2017ರಲ್ಲಿ ತೀರಿಕೊಂಡ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರಂಥವರು ಫಿಲ್ಮಿನ ಕಾಲದಲ್ಲಿ, ಹಿಂದೆ ಪರದೆಯೇ ಇಲ್ಲದ ಕ್ಯಾಮೆರಾದಲ್ಲಿ, ಬೆಳಕಿನ ಈ ಲೆಕ್ಕವನ್ನೆಲ್ಲ ತಲೆಯಲ್ಲೇ ಮಾಡಿಕೊಳ್ಳಬೇಕಿತ್ತು. ನಮಗೆ ತಕ್ಷಣ ನೋಡಿ ತಿದ್ದಿಕೊಳ್ಳುವ ಸುಖವಿದೆ, ಬಳಸಿಕೊಳ್ಳೋಣ.

ಫ್ಲ್ಯಾಶ್ ಫೋಟೊದಲ್ಲಿ ಹಿನ್ನೆಲೆ ಕಪ್ಪಾಗುವುದು ಬೇಡವಾದರೆ ಹುಳದ ಹಿಂದೆ ನಾಲ್ಕೈದು ಇಂಚು ದೂರದಲ್ಲಿ ಒಂದು ಎಲೆ ಬರುವಂತೆ ಕೋನ ಹುಡುಕಿ. ಫ್ಲ್ಯಾಶಿನ ಬೆಳಕು ದೂರ ಹೋದಂತೆ ಬಹಳ ಬೇಗ ಸೊರಗುತ್ತದೆ. ಹಿಂದಿನ ಕಾಂಪೌಂಡ್ ಗೋಡೆಯವರೆಗೂ ಅದು ಮುಟ್ಟುವುದಿಲ್ಲ, ಎಲೆಗೆ ಮುಟ್ಟುತ್ತದೆ.

ಸಾಮಾನು

ಮೊಬೈಲ್ ಒಂದೇ ಇರುವವರು: 2 ಮೆಗಾಪಿಕ್ಸೆಲ್ ಮ್ಯಾಕ್ರೊ ಕ್ಯಾಮೆರಾ ಎಂದು ಡಬ್ಬದ ಮೇಲೆ ಅಚ್ಚು ಹಾಕಿರುವುದನ್ನು ಮರೆತುಬಿಡಿ, ಅದು ಜಾಹೀರಾತಿಗೆ ಇರುವುದು. ಅಲ್ಟ್ರಾವೈಡ್ ಕ್ಯಾಮೆರಾಕ್ಕೇ ಆಟೊಫೋಕಸ್ ಇರುವ ಫೋನಾದರೆ ಚೆನ್ನ. ಇಲ್ಲದಿದ್ದರೆ ಮುಖ್ಯ ಕ್ಯಾಮೆರಾಕ್ಕೆ ಒಂದು ಕ್ಲಿಪ್ ಲೆನ್ಸ್ ಸಿಕ್ಕಿಸಿ, ಪರದೆಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಆಮೇಲೆ ಫೋನನ್ನೇ ಹಿಂದೆ ಮುಂದೆ ಸರಿಸಿ. ಕೋಶ, ಮೊಟ್ಟೆ, ಚಳಿಗೆ ಮರಗಟ್ಟಿ ಕೂತ ಹುಳಗಳಿಗೆ ಇದು ಧಾರಾಳ ಸಾಕು.

ಕ್ಯಾಮೆರಾ ಇದ್ದು ಅದರ ಜೊತೆ ಬಂದ 18-55 ಲೆನ್ಸ್ ಮಾತ್ರ ಇದ್ದರೆ ಎರಡು ದಾರಿ. ಲೆನ್ಸನ್ನು ತಿರುಗಿಸಿ ಜೋಡಿಸುವ ರಿವರ್ಸ್ ರಿಂಗ್ ಅತ್ಯಂತ ಅಗ್ಗ. ಝೂಮನ್ನು 18 ಎಂಎಂ ಕಡೆಗೆ ತಿರುಗಿಸಿದರೆ ಮೂರು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಆದರೆ ಹುಳಕ್ಕೂ ಲೆನ್ಸಿಗೂ ನಡುವೆ ನಾಲ್ಕು ಸೆಂಟಿಮೀಟರಿನ ಆಸುಪಾಸು ಜಾಗ ಉಳಿಯುತ್ತದೆ, ಅಪರ್ಚರ್ ಬದಲಿಸುವುದೂ ತಲೆನೋವು. ಹೊಸಬರಿಗೆ ನಾನು ಹೇಳುವುದಿಲ್ಲ. ಎಕ್ಸ್‌ಟೆನ್ಶನ್ ಟ್ಯೂಬ್ ಇದಕ್ಕಿಂತ ವಾಸಿ: ಒಳಗೆ ಗಾಜಿಲ್ಲದ ಟೊಳ್ಳು ಬಳೆಗಳು, ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುತ್ತವೆ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತಿನಿಂದ (ಲೆನ್ಸಿನ ಮೇಲೆ ಬರೆದಿರುವ ಎಂಎಂ ಅಂಕಿ) ಭಾಗಿಸಿದರೆ ಎಷ್ಟು ಹಿಗ್ಗುತ್ತದೆಂಬ ಲೆಕ್ಕ. 50 ಎಂಎಂ ಲೆನ್ಸಿಗೆ 25 ಎಂಎಂ ಟ್ಯೂಬ್ ಹಾಕಿದರೆ ಅರ್ಧ ಗಾತ್ರ, 50 ಹಾಕಿದರೆ ನಿಜ ಗಾತ್ರ. ಕೊಳ್ಳುವಾಗ ವಿದ್ಯುತ್ ಸಂಪರ್ಕದ ಚಿನ್ನದ ಬಣ್ಣದ ಬೊಟ್ಟುಗಳು ಇವೆಯೇ ನೋಡಿ. ಅವಿಲ್ಲದ ಅಗ್ಗದ ಟ್ಯೂಬಿನಲ್ಲಿ ಕ್ಯಾಮೆರಾದಿಂದ ಅಪರ್ಚರ್ ಬದಲಿಸಲು ಬರುವುದಿಲ್ಲ.

70-300ರಂಥ ಝೂಮ್ ಇರುವವರು ರೇನಾಕ್ಸ್ ಡಿಸಿಆರ್-250 ಎಂಬ ಕ್ಲಿಪ್ ಲೆನ್ಸ್ ನೋಡಬಹುದು. ಹಿಗ್ಗಿಸುವ ಶಕ್ತಿ 8 ಡಯಾಪ್ಟರ್, ಮುಂದೆ ಹನ್ನೆರಡೂವರೆ ಸೆಂಟಿಮೀಟರ್ ದೂರದಲ್ಲಿ ಹುಳ ಇಟ್ಟುಕೊಳ್ಳಬಹುದು, ಜೇಬಿನಲ್ಲಿ ಹಿಡಿಸುತ್ತದೆ. ನನ್ನ ಮಟ್ಟಿಗೆ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫೋಟೊ ಕೊಟ್ಟ ವಸ್ತು ಅದೇ. ನಿಜವಾದ ಮ್ಯಾಕ್ರೊ ಲೆನ್ಸ್ ತೆಗೆದುಕೊಳ್ಳುವುದಾದರೆ 90 ಅಥವಾ 100 ಎಂಎಂ. 50, 60 ಎಂಎಂ ಬೇಡ. ಹುಳದ ಮೂಗಿಗೆ ಮೂಗು ತಾಗಿಸಬೇಕಾಗುತ್ತದೆ, ಲೆನ್ಸಿನ ನೆರಳೇ ಹುಳದ ಮೇಲೆ ಬೀಳುತ್ತದೆ. ಟ್ರೈಪಾಡ್ ನಮ್ಮ ಓಣಿಯಲ್ಲಿ ನಿಲ್ಲುವುದೂ ಇಲ್ಲ, ನನಗೆ ಬೇಕೂ ಇಲ್ಲ. ಮಂಡಿಗೆ ಹಳೆಯ ಯೋಗಾ ಮ್ಯಾಟಿನ ತುಂಡು ಮಾತ್ರ ಖಂಡಿತ ಬೇಕು.

ಕೈಯಲ್ಲಿ ಹಿಡಿದ ಮೇಲೆ

ಆಟೊಫೋಕಸ್ ಆರಿಸಿಬಿಡಿ. ಲೆನ್ಸನ್ನು ಬೇಕಾದ ಹಿಗ್ಗುವಿಕೆಗೆ ಇಟ್ಟು, ಮೈಯನ್ನೇ ಹಿಂದೆ ಮುಂದೆ ಕೂದಲೆಳೆಯಷ್ಟು ತೂಗುತ್ತಾ, ಕಣ್ಣು ಸ್ಪಷ್ಟವಾದ ಕ್ಷಣದಲ್ಲಿ ಒತ್ತಬೇಕು. ಎಡಗೈಯ ಹೆಬ್ಬೆರಳು ತೋರುಬೆರಳಿನಲ್ಲಿ ಹುಳ ಇರುವ ಕೊಂಬೆಯನ್ನು ಹಿಡಿದು, ಅದೇ ಕೈಯ ಮಣಿಕಟ್ಟಿನ ಮೇಲೆ ಲೆನ್ಸನ್ನು ಕೂರಿಸಿ. ಆಗ ಕೊಂಬೆ ಅಲುಗಿದರೆ ಲೆನ್ಸೂ ಜೊತೆಗೇ ಅಲುಗುತ್ತದೆ, ನಡುವಿನ ದೂರ ಬದಲಾಗುವುದಿಲ್ಲ. ಮೊದಮೊದಲು ಕೈ ಸಾಲದು ಅನ್ನಿಸುತ್ತದೆ, ರೂಢಿಯಾದ ಮೇಲೆ ಇದಿಲ್ಲದೆ ತೆಗೆಯಲು ಮನಸ್ಸಾಗುವುದಿಲ್ಲ.

1:1ರಲ್ಲಿ ಎಫ್ 11 ಇಟ್ಟರೂ ಸ್ಪಷ್ಟವಾಗಿ ಬರುವ ಆಳ ಸುಮಾರು ಒಂದು ಮಿಲಿಮೀಟರ್. ಅರ್ಧ ಗಾತ್ರಕ್ಕೆ ಹಿಂದೆ ಸರಿದರೆ ಅದು ಎರಡೂವರೆಯ ಹತ್ತಿರ ಹೋಗುತ್ತದೆ. 24 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಹೀಗೆ ಹಿಂದಿನಿಂದ ತೆಗೆದು ಆಮೇಲೆ ಕತ್ತರಿಸಿಕೊಳ್ಳುವುದು ಎಷ್ಟೋ ಸಲ ಜಾಣತನ. ಇರುವ ಆ ಒಂದೆರಡು ಮಿಲಿಮೀಟರನ್ನು ಪೋಲು ಮಾಡಬೇಡಿ: ಪಕ್ಕದಿಂದ ತೆಗೆಯುವುದಾದರೆ ಹುಳದ ಉದ್ದಕ್ಕೆ ಕ್ಯಾಮೆರಾದ ಬೆನ್ನು ಸಮಾನಾಂತರವಾಗಿರಲಿ, ತಲೆಯಿಂದ ಬಾಲದವರೆಗೆ ಒಂದೇ ಪದರದಲ್ಲಿ ಬರುತ್ತದೆ. ಮುಖದ ಫೋಟೊವಾದರೆ ಎರಡು ಕಣ್ಣೂ ಬರಲಿ, ಉಳಿದದ್ದು ಮಸುಕಾದರೂ ಚಿಂತೆಯಿಲ್ಲ. ಹಲವು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸುವ ಫೋಕಸ್ ಸ್ಟ್ಯಾಕಿಂಗ್ ಇದೆ. ನಿದ್ದೆ ಹೋದ ಜೇನಿಗೆ, ಕೋಶಕ್ಕೆ ಸರಿ. ಓಡಾಡುವ ಇರುವೆಗೆ ಅದನ್ನು ಮಾಡಲು ಹೋಗಬೇಡಿ.

ನಿಂತುಕೊಂಡು ಮೇಲಿನಿಂದ ತೆಗೆದ ಹುಳದ ಫೋಟೊ ಪಾಠಪುಸ್ತಕದ ಚಿತ್ರವಾಗುತ್ತದೆ. ಮಂಡಿಯೂರಿ, ಹುಳದ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಗೋಡೆಯ ಮೇಲಿನ ನೆಗೆಯುವ ಜೇಡದಲ್ಲಿ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಎಂಟು ಕಣ್ಣಲ್ಲಿ ನಾಲ್ಕು ಮುಂದೆಯೇ ಸಾಲಾಗಿ, ನಡುವಿನೆರಡು ದೊಡ್ಡದಾಗಿ ಇರುತ್ತವೆ. ಲೆನ್ಸ್ ಹತ್ತಿರ ಬಂದರೆ ಓಡುವ ಬದಲು ತಿರುಗಿ ನಿಮ್ಮನ್ನೇ ನೋಡುತ್ತದೆ. ಒಂದು ಹೆಜ್ಜೆ ನೆಗೆದು ಲೆನ್ಸಿನ ಮೇಲೇ ಕೂತರೂ ಗಾಬರಿಯಾಗಬೇಡಿ, ಕಾಗದದ ತುದಿ ಹಿಡಿದರೆ ಹತ್ತಿಕೊಳ್ಳುತ್ತದೆ. ಹತ್ತಿರ ಹೋಗುವಾಗ ನಿಧಾನವಾಗಿ, ನಿಮ್ಮ ನೆರಳು ಅದರ ಮೇಲೆ ಬೀಳದ ಕಡೆಯಿಂದ ಹೋಗಿ. ನೆರಳು ಹಾದರೆ ಯಾವ ಹುಳವೂ ಕೂರುವುದಿಲ್ಲ. ಬೀದಿಯಲ್ಲಿ ಹೋಗುವವರು "ಏನಮ್ಮಾ, ಓಲೆ ಬಿತ್ತಾ?" ಎಂದು ಕೇಳುತ್ತಾರೆ. ಹೌದು ಎಂದುಬಿಡಿ, ಹುಳ ಎಂದರೆ ಮಾತು ಉದ್ದವಾಗುತ್ತದೆ.

ದೂರವಿರಬೇಕಾದವು

ಹೆಜ್ಜೇನಿನ ಗೂಡಿನ ಹತ್ತಿರ ಫ್ಲ್ಯಾಶ್ ತೆಗೆದುಕೊಂಡು ಹೋಗಲೇಬೇಡಿ. ಹೂವಿಗೆ ಬಂದ ಒಂಟಿ ಜೇನು ಬೇರೆ, ಗೂಡು ಬೇರೆ. ನುಗ್ಗೆ ಮರದ ಕಂಬಳಿಹುಳು, ಮಾವಿನೆಲೆಯ ಕೆಳಗಿರುವ ಮುಳ್ಳುಮುಳ್ಳಿನ ಹಸಿರು ಹುಳ, ಎರಡೂ ಮುಟ್ಟಿದರೆ ಉರಿ. ಕೊಂಬೆ ಹಿಡಿಯುವ ಮೊದಲು ಅದರ ಹಿಂಬದಿ ನೋಡುವ ಅಭ್ಯಾಸ ಇದಕ್ಕೇ. ಮಳೆಗಾಲದ ರಾತ್ರಿ ತಾರಸಿಯಲ್ಲಿ ಬಿಳಿ ಪಂಚೆ ಕಟ್ಟಿ ಬಲ್ಬು ಹಾಕಿದರೆ ಪತಂಗಗಳ ಸಂತೆಯೇ ನೆರೆಯುತ್ತದೆ, ಫೋಟೊಗೆ ಹಬ್ಬ. ಆದರೆ ಅದರಲ್ಲಿ ಕಿತ್ತಳೆ-ಕಪ್ಪು ಪಟ್ಟೆಯ, ಇರುವೆಯಷ್ಟು ಸಪೂರ ಜೀರುಂಡೆಯೊಂದು ಬರುತ್ತದೆ. ಕತ್ತಿನ ಮೇಲೆ ಕೂತರೆ ಹೊಡೆಯಬೇಡಿ, ಊದಿ ಹಾರಿಸಿ. ಜಜ್ಜಿದರೆ ಅದರ ರಸಕ್ಕೆ ಚರ್ಮ ಬೊಬ್ಬೆ ಬರುತ್ತದೆ. ಒಂದೆರಡು ಗಂಟೆಯಲ್ಲಿ ಬಲ್ಬು ಆರಿಸಿ, ಇಲ್ಲದಿದ್ದರೆ ಬೆಳಗ್ಗೆ ಪಂಚೆಯ ಮೇಲಿರುವುದೆಲ್ಲ ಹಕ್ಕಿಗಳ ನಾಷ್ಟಾ.

ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ತೆಗೆಯುವವರು, ಅಂಟು ಹಾಕಿ ಕೂರಿಸುವವರು ಇದ್ದಾರೆ. ಡಿಸೆಂಬರಿನ ಬೆಳಗ್ಗೆ ಆರೂವರೆಗೆ ಏಳಲು ಸೋಮಾರಿತನವಾದರೆ ಮಾತ್ರ ಫ್ರಿಜ್ಜು ಬೇಕು.

ಹೆಸರು ಪತ್ತೆ

ಒಂದು ಹುಳಕ್ಕೆ ಮೂರು ಫೋಟೊ ತೆಗೆಯುವುದನ್ನು ರೂಢಿ ಮಾಡಿಕೊಳ್ಳಿ: ಬೆನ್ನು, ಪಕ್ಕ, ಮುಖ. ನಾಲ್ಕನೆಯದು ಅದು ಕೂತ ಗಿಡದ್ದು, ಎಲೆ ಗುರುತು ಸಿಗುವಂತೆ. ಹೆಸರು ಹೇಳುವವರು ಮೊದಲು ಕೇಳುವುದೇ ಅದನ್ನು, ಯಾವ ಗಿಡದ ಮೇಲಿತ್ತು ಎಂದು. ಚಿಟ್ಟೆಯಾದರೆ ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡೂ ಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಡೆಸುವ ಬಟರ್‌ಫ್ಲೈಸ್ ಆಫ್ ಇಂಡಿಯಾ ಜಾಲತಾಣದಲ್ಲಿ ಮೊಟ್ಟೆ, ಹುಳ, ಕೋಶದ ಚಿತ್ರಗಳನ್ನೂ ಹೋಲಿಸಿ ನೋಡಬಹುದು. ಉಳಿದ ಕೀಟ, ಜೇಡಗಳಿಗೆ ಐನ್ಯಾಚುರಲಿಸ್ಟ್ ಎಂಬ ಜಾಲತಾಣ ಇದೆ. ಫೋಟೊದ ಜೊತೆ ಊರು, ದಿನಾಂಕ ಹಾಕಿದರೆ ಬಲ್ಲವರು ಗುರುತಿಸುತ್ತಾರೆ. ತರಕಾರಿ ಗಿಡದ ಹುಳಗಳಿಗೆ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದ ಜಾಲತಾಣವನ್ನೂ ತಿರುವಿ ಹಾಕಿ. ಬನ್ನೇರುಘಟ್ಟದಲ್ಲಿ 2006ರಲ್ಲಿ ಶುರುವಾದ ಚಿಟ್ಟೆ ಉದ್ಯಾನ ಕೈ ಪಳಗಿಸಿಕೊಳ್ಳಲು ಒಳ್ಳೆಯ ಜಾಗ. ಗುಮ್ಮಟದೊಳಗೆ ಸೆಕೆ ಹೆಚ್ಚು, ಹೊರಗಿನಿಂದ ಹೋದ ಲೆನ್ಸಿಗೆ ಆವಿ ಕಟ್ಟಿಕೊಂಡರೆ ಒರೆಸಬೇಡಿ, ಹತ್ತು ನಿಮಿಷ ಹಾಗೇ ಬಿಡಿ.

ಲೆನ್ಸಿಗೆ ಇಲ್ಲಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಬಲು ಸುಲಭ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಚರ್ಮದ ಚೀಲದಲ್ಲಿ ಬೇಡ. ಜೆಲ್ಲಿನ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಅದಕ್ಕೆ ಅಡುಗೆಯ ಬಾಣಲೆ ಮಾತ್ರ ಬಳಸಬೇಡಿ, ಬೇರೆಯದೊಂದು ಇಟ್ಟುಕೊಳ್ಳಿ.